ಲ್ಯಾಪ್‌ಟಾಪಿನ ಫ್ಲಾಪಿ, ಸಿಡಿ ಡ್ರೈವ್: ಬಿಚ್ಚಿ ಎಸೆಯುವ ಮುನ್ನ ಮಾಡಬೇಕಾದ ಕೆಲಸಗಳು

ಅಟ್ಟದಿಂದ ಹಳೆಯ ಲ್ಯಾಪ್‌ಟಾಪನ್ನು ಇಳಿಸಿದಾಗ ಅದರ ಜೊತೆಗೆ ಸಾಮಾನ್ಯವಾಗಿ ಒಂದು ಬಿಸ್ಕತ್ತಿನ ಡಬ್ಬಿಯೂ ಇಳಿಯುತ್ತದೆ. ಅದರಲ್ಲಿ ರಬ್ಬರ್‌ಬ್ಯಾಂಡ್ ಹಾಕಿಟ್ಟ ಫ್ಲಾಪಿಗಳು, ಮಾರ್ಕರಿನಲ್ಲಿ ಹೆಸರು ಬರೆದ ಸಿಡಿಗಳು, ಮದುವೆಯ ಒಂದೆರಡು ವಿಸಿಡಿಗಳು, ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ಒಂದು ಲಕೋಟೆ ಇರುತ್ತವೆ. ಲ್ಯಾಪ್‌ಟಾಪಿನ ಬದಿಯಲ್ಲಿರುವ ಡ್ರೈವ್ ಇನ್ನು ಉಪಯೋಗಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಈ ಡಬ್ಬಿಯನ್ನು ಎದುರಿಗಿಟ್ಟುಕೊಂಡೇ ಕೇಳಬೇಕು.

ಹೊಸದಾಗಿ ಏನನ್ನಾದರೂ ಬರೆದಿಡುವುದಕ್ಕೆ ಫ್ಲಾಪಿಯಾಗಲಿ ಸಿಡಿಯಾಗಲಿ ಇಂದು ಬೇಕಿಲ್ಲ. ಆಪಲ್ ಕಂಪನಿಯು 1998ರ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವನ್ನೂ 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಸಿಡಿ ಡ್ರೈವನ್ನೂ ಕೈಬಿಟ್ಟಿತು. ಸೋನಿ ಕಂಪನಿಯು 2011ರಲ್ಲಿ ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. 2025ರ ಫೆಬ್ರವರಿಯಲ್ಲಿ ಮನೆಯಲ್ಲಿ ಬರೆದುಕೊಳ್ಳುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನೂ ಮುಗಿಸಿತು. ಆದರೆ ಹಿಂದೆ ಬರೆದಿಟ್ಟದ್ದನ್ನು ಓದಿ ಹೊರತೆಗೆಯಲು ಡ್ರೈವ್ ಬೇಕೇ ಬೇಕು, ಮತ್ತು ಒಳ್ಳೆಯ ಸ್ಥಿತಿಯ ಡ್ರೈವ್ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆದ್ದರಿಂದ ನಾನು ಹೇಳುವ ಕ್ರಮ ಇದು: ಮೊದಲು ಡಿಸ್ಕುಗಳನ್ನು ಓದಿ ಮುಗಿಸಬೇಕು, ಆಮೇಲೆ ಲ್ಯಾಪ್‌ಟಾಪಿನೊಳಗೆ ಏನಿದೆ ಎಂದು ನೋಡಬೇಕು, ಡ್ರೈವನ್ನು ಬಿಚ್ಚುವ ಮಾತು ಕಟ್ಟಕಡೆಗೆ.

ವಿಂಗಡಣೆ

ಡಬ್ಬಿಯಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಹರಡಿ, ಪ್ರತಿಯೊಂದು ಡಿಸ್ಕಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಎದುರಿಗೆ ಲೇಬಲ್ಲಿನ ಮೇಲೆ ಬರೆದಿರುವುದನ್ನು ಅಕ್ಷರಶಃ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಈ ಕೆಲಸ ಬೇಸರದ್ದು ಎನಿಸಬಹುದು. ಆದರೆ ಇಪ್ಪತ್ತು ಡಿಸ್ಕುಗಳನ್ನು ನಕಲು ಮಾಡಿದ ಮೇಲೆ ‘ನ್ಯೂ ಫೋಲ್ಡರ್ 7’ ಯಾವ ಡಿಸ್ಕಿನದು ಎಂದು ಹುಡುಕುವುದು ಅದಕ್ಕಿಂತ ಹೆಚ್ಚು ಬೇಸರದ್ದು. ಸಂಖ್ಯೆಯನ್ನು ಸಿಡಿಯ ಮೇಲೆ ಬರೆಯಬೇಡಿ, ಅದರ ಕವರಿನ ಮೇಲೆ ಬರೆಯಿರಿ.

ಅಂಗಡಿಯಿಂದ ಕೊಂಡ ಹಾಡುಗಳ ಸಿಡಿ, ಮದರ್‌ಬೋರ್ಡಿನ ಜೊತೆಗೆ ಬಂದ ಡ್ರೈವರ್ ಸಿಡಿ, ಕಂಪ್ಯೂಟರ್ ಪತ್ರಿಕೆಯ ಜೊತೆಗೆ ಉಚಿತವಾಗಿ ಬಂದ ಸಿಡಿ ಇವನ್ನೆಲ್ಲ ಪಕ್ಕಕ್ಕಿಡಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಇಂಥ ಡಿಸ್ಕುಗಳಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನಲ್ಲೇ ಮೂಡಿದ ಕುಳಿಗಳ ರೂಪದಲ್ಲಿರುವುದರಿಂದ ಅವು ಇನ್ನೂ ಬಹುಕಾಲ ಬಾಳಬಲ್ಲವು. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಸಿಡಿಗಳ ಕಥೆ ಬೇರೆ: ಅವುಗಳಲ್ಲಿರುವುದು ಬಣ್ಣದ ತೆಳುವಾದ ಪದರ, ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲಿಗೂ ತೇವಕ್ಕೂ ಆ ಬಣ್ಣ ಮಾಸುತ್ತದೆ. ಫ್ಲಾಪಿಯಲ್ಲಿರುವುದು ಕಾಂತೀಯ ಲೇಪ. ಅದರ ಆಯುಸ್ಸು ಮೂರರಲ್ಲೂ ಕಡಿಮೆ. ಹಾಗಾಗಿ ಮೊದಲು ಫ್ಲಾಪಿ, ನಂತರ ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಸಿಡಿ ಮತ್ತು ಡಿವಿಡಿ, ಪುರಸೊತ್ತಿದ್ದರೆ ಅಂಗಡಿಯ ಡಿಸ್ಕುಗಳು ಎಂಬ ಸಾಲನ್ನು ಬದಲಿಸಬೇಡಿ.

ಫ್ಲಾಪಿಗೆ ಯಾವ ಡ್ರೈವ್?

ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವುಗಳು ಇಂದಿಗೂ ಆನ್‌ಲೈನಿನಲ್ಲಿ ಸಿಗುತ್ತವೆ ಮತ್ತು ವಿಂಡೋಸ್ 11ರಲ್ಲೂ ಲಿನಕ್ಸ್‌ನಲ್ಲೂ ಕೆಲಸ ಮಾಡುತ್ತವೆ. ಮೂರೂವರೆ ಇಂಚಿನ ಸಾಮಾನ್ಯ 1.44 ಎಂಬಿ ಫ್ಲಾಪಿಗಳಿಗೆ ಇದು ಸಾಕು. ಆದ್ದರಿಂದ ಲ್ಯಾಪ್‌ಟಾಪಿನ ಫ್ಲಾಪಿ ಡ್ರೈವ್ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಿಸಲು ಅಲೆಯುವುದು ವ್ಯರ್ಥ. ಆದರೆ ಆ ಡ್ರೈವ್ ಇನ್ನೂ ಕೆಲಸ ಮಾಡುತ್ತಿದ್ದರೆ ಅದಕ್ಕೊಂದು ಮೇಲ್ಗೈ ಉಂಟು. ಯುಎಸ್‌ಬಿ ಡ್ರೈವುಗಳು ಕೆಲವೇ ಮಾಮೂಲಿ ವಿನ್ಯಾಸಗಳನ್ನು ಬಿಟ್ಟು ಬೇರೇನನ್ನೂ ಗುರುತಿಸುವುದಿಲ್ಲ. ವಿಂಡೋಸ್ 95ರ ಇನ್‌ಸ್ಟಾಲೇಷನ್ ಫ್ಲಾಪಿಗಳಂಥ, ಒಂದೊಂದರಲ್ಲೂ 1.68 ಎಂಬಿ ತುಂಬಿಸಿದ ಡಿಸ್ಕುಗಳನ್ನು ಕಂಡರೆ ಅವು ಸಾಮಾನ್ಯವಾಗಿ ಕೈಚೆಲ್ಲುತ್ತವೆ. ಹಳೆಯ ಲ್ಯಾಪ್‌ಟಾಪಿನೊಳಗಿನ ಡ್ರೈವ್ ನಿಜವಾದ ಫ್ಲಾಪಿ ಕಂಟ್ರೋಲರಿಗೆ ಜೋಡಣೆಯಾಗಿರುವುದರಿಂದ ಅಂಥವನ್ನು ಓದಬಲ್ಲದು. ಅಲ್ಲದೆ, ಒಂದು ಡ್ರೈವಿನಲ್ಲಿ ಓದಲಾಗದ ಫ್ಲಾಪಿ ಅದನ್ನು ಬರೆದ ಡ್ರೈವಿನಲ್ಲಿ ಎಷ್ಟೋ ಸಲ ಸಲೀಸಾಗಿ ಓದಿಕೊಳ್ಳುತ್ತದೆ, ಏಕೆಂದರೆ ಬರೆಯುವಾಗ ಹೆಡ್ಡು (ತಟ್ಟೆಯ ಮೇಲೆ ಓದಿ ಬರೆಯುವ ಭಾಗ) ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಓದುವಾಗಲೂ ಅಷ್ಟೇ ಸರಿದಿರಬೇಕು. ನಿಮ್ಮ ಫ್ಲಾಪಿಗಳನ್ನು ಬರೆದದ್ದು ಇದೇ ಲ್ಯಾಪ್‌ಟಾಪಿನಲ್ಲಿ ಎಂದಾದರೆ ಅದರ ಡ್ರೈವಿಗಿಂತ ಒಳ್ಳೆಯದು ಬೇರೆಲ್ಲೂ ಸಿಗದು.

ಹಳೆಯ ಲ್ಯಾಪ್‌ಟಾಪನ್ನು ಚಾಲು ಮಾಡಿದಾಗ ಒಳಗಿನ ಸಣ್ಣ ಬ್ಯಾಟರಿ ಸತ್ತಿರುವುದರಿಂದ ತಾರೀಖು, ಸಮಯ ತಪ್ಪಿದೆ ಎಂಬ ದೂರು ಮೊದಲು ಬರುತ್ತದೆ. ಹೆದರಬೇಕಿಲ್ಲ, ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಮೂಲ ಸೆಟ್ಟಿಂಗಿಗೆ ಹೋಗಿ ತಾರೀಖನ್ನು ಸರಿಪಡಿಸಿ, ಅಲ್ಲಿಯೇ ಫ್ಲಾಪಿ ಡ್ರೈವ್ ‘ಇಲ್ಲ’ ಎಂದಿದ್ದರೆ 1.44 ಎಂಬಿ ಎಂದು ಬದಲಿಸಿ. ಅದರಲ್ಲಿರುವುದು ವಿಂಡೋಸ್ 98 ಆಗಿದ್ದರೆ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಗುರುತು ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕಬೇಕು. ವಿಂಡೋಸ್ 2000 ಅಥವಾ ಎಕ್ಸ್‌ಪಿ ಇದ್ದರೆ ಆ ತೊಂದರೆ ಇಲ್ಲ. ಪೆನ್‌ಡ್ರೈವನ್ನು ಮೊದಲೇ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ ಒಯ್ಯಿರಿ.

ಫ್ಲಾಪಿಯನ್ನು ಒಳಗೆ ಹಾಕುವ ಮೊದಲು

ಮೊದಲನೆಯದಾಗಿ, ಫ್ಲಾಪಿಯ ಹಿಂಬದಿಯ ಮೂಲೆಯಲ್ಲಿರುವ ಪುಟ್ಟ ಕಪ್ಪು ಗುಂಡಿಯನ್ನು ಉಗುರಿನಿಂದ ಸರಿಸಿ, ಕಿಂಡಿಯೊಳಗಿಂದ ಬೆಳಕು ಕಾಣುವಂತೆ ಮಾಡಿ. ಕಿಂಡಿ ತೆರೆದಿದ್ದರೆ ಡ್ರೈವ್ ಆ ಫ್ಲಾಪಿಯ ಮೇಲೆ ಏನನ್ನೂ ಬರೆಯಲಾರದು. ನಿಮ್ಮ ಕೈತಪ್ಪಿಗೂ ಹಳೆಯ ಕಂಪ್ಯೂಟರಿನಲ್ಲಿ ಮಲಗಿರುವ ವೈರಸ್ಸಿಗೂ ಒಂದೇ ಬೀಗ.

ಎರಡನೆಯದಾಗಿ, ಲೋಹದ ಮುಚ್ಚಳವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹಿಂಬದಿಯ ಲೋಹದ ಗುಬ್ಬಿಯನ್ನು ಮೆಲ್ಲಗೆ ತಿರುಗಿಸುತ್ತ, ಕಂದು ಬಣ್ಣದ ತಟ್ಟೆಯನ್ನು ದೀಪದ ಬೆಳಕಿನಲ್ಲಿ ಪೂರ್ತಿ ಒಂದು ಸುತ್ತು ನೋಡಿ. ಬಿಳಿಯ ಚುಕ್ಕೆಗಳೋ ಜೇಡರಬಲೆಯಂಥ ಗೆರೆಗಳೋ ಕಂಡರೆ ಅದು ಬೂಸ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ನಾಲ್ಕಾರು ಮಳೆಗಾಲ ಕಳೆದ ಫ್ಲಾಪಿಗಳಲ್ಲಿ ಇದು ಸಾಮಾನ್ಯ. ಬೂಸ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಒಳಗೆ ಹಾಕಿದರೆ ಡ್ರೈವಿನ ಹೆಡ್ಡಿಗೆ ಅದು ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಫ್ಲಾಪಿಗಳ ಲೇಪವನ್ನೂ ಕೆರೆದು ಹಾಕುತ್ತದೆ. ಇದು ಕೈಸುಟ್ಟುಕೊಂಡವನ ಮಾತು: ಸಂಘವೊಂದರ ಸ್ಮರಣಸಂಚಿಕೆಯ ಆರು ಫ್ಲಾಪಿಗಳಲ್ಲಿ ಬೂಸ್ಟು ಹಿಡಿದದ್ದು ಒಂದೇ ಒಂದು; ಅದನ್ನೇ ನಾನು ಎರಡನೆಯದಾಗಿ ಹಾಕಿದ್ದರಿಂದ ಮೂರನೆಯದೂ ನಾಲ್ಕನೆಯದೂ ಕರಕರ ಸದ್ದು ಮಾಡಿಕೊಂಡು ಹಾಳಾದವು. ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕಿತ್ತು. ಬೂಸ್ಟಿನ ಫ್ಲಾಪಿಗಳನ್ನು ಕೊನೆಗಿರಿಸಿ. ತಟ್ಟೆಯ ಎರಡೂ ಬದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಒತ್ತದೆ, ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಡ್ರೈವಿಗೆ ಹಾಕಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ಚರ್ಮಕ್ಕೆಂದು ಬೆರೆಸಿದ ಗ್ಲಿಸರಿನ್‌ನಂಥ ಅಂಟು ಪದಾರ್ಥ ಹಿಂದೆ ಉಳಿದುಬಿಡುತ್ತದೆ.

ಒಳಗೆ ಹಾಕಿದ ಮೇಲೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದು ವಿಂಡೋಸ್ ಕೇಳಬಹುದು. ಡಿಸ್ಕಿನ ಮೊದಲ ಸೆಕ್ಟರ್, ಅಂದರೆ ಮಾಹಿತಿಯ ಮೊದಲ ಪುಟ್ಟ ತುಂಡು, ಓದಲಾಗದಿದ್ದರೂ ಅದು ಹೀಗೆಯೇ ಕೇಳುತ್ತದೆ. ಒಳಗಿನ ಕಡತಗಳು ಕ್ಷೇಮವಾಗಿಯೇ ಇರಬಹುದು. ಬೇಡವೆಂದು ಒತ್ತಿ, ಫ್ಲಾಪಿಯನ್ನು ಒಮ್ಮೆ ಹೊರತೆಗೆದು ಮತ್ತೆ ಹಾಕಿ.

ಒಂದೊಂದೇ ಕಡತವನ್ನು ಎಳೆದು ನಕಲು ಮಾಡುವುದಕ್ಕಿಂತ ಇಡೀ ಫ್ಲಾಪಿಯ ಪಡಿಯಚ್ಚನ್ನು, ಅಂದರೆ ಇಮೇಜನ್ನು, ಒಂದೇ ಸಲಕ್ಕೆ ತೆಗೆಯುವುದು ಲೇಸು. ಪ್ರತಿಯೊಂದು ಓದಿಗೂ ಹೆಡ್ಡು ತಟ್ಟೆಯನ್ನು ಉಜ್ಜುವುದರಿಂದ ಮುದಿ ಫ್ಲಾಪಿಯನ್ನು ಎಷ್ಟು ಕಡಿಮೆ ತಿರುಗಿಸಿದರೆ ಅಷ್ಟು ಒಳ್ಳೆಯದು. ವಿಂಡೋಸ್‌ನಲ್ಲಿ ವಿನ್‌ಇಮೇಜ್, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಈ ಕೆಲಸಕ್ಕೆ ಸಾಕು. 1.44 ಎಂಬಿ ಫ್ಲಾಪಿಯ ಪೂರ್ಣ ಇಮೇಜ್ ಸರಿಯಾಗಿ 14,74,560 ಬೈಟ್ ತೂಗಬೇಕು. 80 ಟ್ರ್ಯಾಕ್, ಎರಡು ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ ಬರುವ ಲೆಕ್ಕ ಇದೇ. ಇದಕ್ಕಿಂತ ಒಂದು ಬೈಟ್ ಕಡಿಮೆ ಇದ್ದರೂ ಓದು ನಡುವೆ ನಿಂತಿದೆ ಎಂದು ತಿಳಿಯಬೇಕು.

ದೊಡ್ಡ ಕಡತವೊಂದನ್ನು ಹಲವು ಫ್ಲಾಪಿಗಳಿಗೆ ಹಂಚಿ ಜಿಪ್ ಮಾಡುವ ರೂಢಿಯೂ ಆಗ ಇತ್ತು. ಒಂದೇ ಗಾತ್ರದ ಒಂದೊಂದೇ ಕಡತ ಇರುವ ಫ್ಲಾಪಿಗಳ ಸರಣಿ ಕಂಡರೆ ಅದು ಇಂಥದ್ದೇ. ಜಿಪ್‌ನ ಪರಿವಿಡಿ ಕೊನೆಯ ಫ್ಲಾಪಿಯಲ್ಲಿರುವುದರಿಂದ ಅದು ಓದಿಕೊಳ್ಳುತ್ತದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ.

ಕಡತ ಸಿಕ್ಕಿತು, ಕನ್ನಡ ಸಿಗಲಿಲ್ಲ

ಕನ್ನಡದ ಮನೆಗಳ, ಡಿಟಿಪಿ ಅಂಗಡಿಗಳ ಫ್ಲಾಪಿಗಳಿಗೆ ಇನ್ನೊಂದು ತೊಡಕು ಕಾದಿರುತ್ತದೆ. ವಿಂಡೋಸ್ ಎಕ್ಸ್‌ಪಿಯು 2001ರಲ್ಲಿ ತುಂಗಾ ಫಾಂಟಿನೊಡನೆ ಬರುವ ತನಕ, ಮತ್ತು ಡಿಟಿಪಿಯಲ್ಲಂತೂ ಅದರ ನಂತರವೂ ಎಷ್ಟೋ ವರ್ಷ, ಕನ್ನಡವನ್ನು ಬರೆಯುತ್ತಿದ್ದದ್ದು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಚೂರುಗಳನ್ನು ಕೂರಿಸಿದ ಫಾಂಟುಗಳಲ್ಲಿ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಮುದ್ರಣದವರು ಬಳಸುತ್ತಿದ್ದ ಶ್ರೀಲಿಪಿ, ಆಕೃತಿ ಎಲ್ಲವೂ ಹೀಗೆಯೇ. ಆ ಫಾಂಟ್ ಇಲ್ಲದ ಇಂದಿನ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಮೊದಲು ರೋಮನ್ನಿನ ದೊಡ್ಡ ‘ಪಿ’, ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಅದರ ಮುಂದೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಕಾಣುತ್ತವೆ. ಇದನ್ನು ಕಂಡು ಫ್ಲಾಪಿ ಕೆಟ್ಟಿದೆ ಎಂದು ಎಸೆದವರು ಬಹಳ ಜನ. ಪೌಂಡಿನ ಚಿಹ್ನೆ ಪುಟದ ತುಂಬ ಕಾಣಿಸಿದರೆ ಸಂತೋಷಪಡಿ: ನುಡಿ ಫಾಂಟಿನಲ್ಲಿ ಅದು ‘ನ’ಕಾರ, ಕಡತ ಕ್ಷೇಮವಾಗಿದೆ.

ಮುಂದಿನ ಕೆಲಸ ಫಾಂಟಿನ ಹೆಸರನ್ನು ಪತ್ತೆಮಾಡುವುದು. ಕಡತವನ್ನು ಲಿಬ್ರೆಆಫೀಸ್‌ನಲ್ಲೋ ವರ್ಡ್‌ನಲ್ಲೋ ತೆರೆದು ಒಂದು ಸಾಲನ್ನು ಆಯ್ದುಕೊಂಡರೆ, ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅದರ ಹೆಸರು ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ನುಡಿ ಅಥವಾ ಬಿಆರ್‌ಎಚ್ ಎಂದು ಶುರುವಾಗುವ ಹೆಸರು ಇದ್ದರೆ ಕೆಲಸ ಹಗುರ: ನುಡಿಯ ಮತ್ತು ಬರಹದ ಮುಂದಿನ ಆವೃತ್ತಿಗಳ ಫಾಂಟುಗಳು ಬಹುಮಟ್ಟಿಗೆ ಒಂದೇ ಸಂಕೇತಕ್ರಮವನ್ನು ಅನುಸರಿಸುವುದರಿಂದ ಒಂದೇ ಪರಿವರ್ತಕದಲ್ಲಿ ಎರಡೂ ಯೂನಿಕೋಡಿಗೆ, ಅಂದರೆ ಇಂದಿನ ಕಂಪ್ಯೂಟರು, ಮೊಬೈಲುಗಳು ಓದುವ ಅಕ್ಷರಸಂಕೇತಕ್ಕೆ, ಬರುತ್ತವೆ. ಶ್ರೀಲಿಪಿಯ ಕ್ರಮ ಬೇರೆ. ಅದಕ್ಕೆ ಅದರದೇ ಪರಿವರ್ತಕ ಬೇಕು. ಪರಿವರ್ತನೆಯಾದ ಮೇಲೆ ಮೂಲವನ್ನು ಎದುರಿಗಿಟ್ಟುಕೊಂಡು ಓದಬೇಕಾದ ಜಾಗಗಳು ಎರಡು. ಒಂದು, ಅರ್ಕಾವತ್ತು ಮತ್ತು ಎರಡೆರಡು ಒತ್ತು ಬಂದ ಪದಗಳು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರುತ್ತದೆ, ಈ ಅದಲುಬದಲಿನಲ್ಲಿ ಪರಿವರ್ತಕಗಳು ಎಡವುತ್ತವೆ. ಇನ್ನೊಂದು, ನಡುನಡುವೆ ಬಂದ ಇಂಗ್ಲಿಷ್ ಪದಗಳು; ಪರಿವರ್ತಕ ಅವನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳ ಗೋಜಲು ಮಾಡಿಟ್ಟಿರುತ್ತದೆ.

ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಮಾಡಿದ ಪುಸ್ತಕ, ಲಗ್ನಪತ್ರಿಕೆ, ಸ್ಮರಣಸಂಚಿಕೆಗಳದ್ದು ಇನ್ನೂ ಕಷ್ಟದ ವ್ಯವಹಾರ. ಇನ್‌ಡಿಸೈನ್ ತಂತ್ರಾಂಶದ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ 6 ಮತ್ತು 7ರ ಕಡತಗಳು ತೆರೆಯುತ್ತಿದ್ದವು. ಆಮೇಲಿನ ಆವೃತ್ತಿಗಳಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿದ್ದಾರೆ. ಹೀಗಾಗಿ ಪೇಜ್‌ಮೇಕರ್ ಮತ್ತು ಆಗಿನ ಫಾಂಟುಗಳು ಇನ್ನೂ ಉಳಿದಿರುವ ಹಳೆಯ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದರೆ, ಅದರ ಡ್ರೈವಿಗಿಂತ ಅದರ ಹಾರ್ಡ್‌ಡಿಸ್ಕ್ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಫಾರ್ಮ್ಯಾಟ್ ಮಾಡುವ ಮೊದಲು ಪ್ರತಿಯೊಂದು ಕಡತವನ್ನೂ ಆ ಲ್ಯಾಪ್‌ಟಾಪಿನಲ್ಲೇ ತೆರೆದು ಒಂದು ಪಿಡಿಎಫ್ ಮಾಡಿಕೊಂಡು, ಪಠ್ಯವನ್ನು ಪ್ರತ್ಯೇಕವಾಗಿ ಹೊರತೆಗೆದು, ಫಾಂಟುಗಳ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ.

ಸಿಡಿ, ಡಿವಿಡಿ ಡ್ರೈವಿನ ಪರೀಕ್ಷೆ

ಲ್ಯಾಪ್‌ಟಾಪಿನ ಸಿಡಿ ಡ್ರೈವ್ ‘ಕೆಟ್ಟಿದೆ’ ಎಂದು ತಂದವರ ಪೈಕಿ ಕೆಲವರ ಡ್ರೈವಿಗೆ ಏನೂ ಆಗಿರುವುದಿಲ್ಲ. ಡೆಸ್ಕ್‌ಟಾಪಿನ ತಟ್ಟೆಯಲ್ಲಿ ಸಿಡಿಯನ್ನು ಸುಮ್ಮನೆ ಇಟ್ಟರೆ ಸಾಕು. ಲ್ಯಾಪ್‌ಟಾಪಿನ ತಟ್ಟೆಯ ನಡುವಿನ ಗುಬ್ಬಿಯಲ್ಲಿ ಮೂರು ಪುಟ್ಟ ಗುಂಡುಗಳಿದ್ದು, ತಟ್ಟೆಯ ಅಡಿಗೆ ಒಂದು ಕೈಯ ಆಸರೆ ಕೊಟ್ಟು, ಸಿಡಿಯ ನಡುಭಾಗವನ್ನು ಎರಡು ಬೆರಳಿನಿಂದ ಟಕ್ಕೆಂದು ಸದ್ದಾಗುವವರೆಗೆ ಒತ್ತಬೇಕು. ಹಾಗೆ ಕೂರದ ಸಿಡಿ ಒಳಗೆ ಗರಗರ ತಿರುಗುತ್ತದೆಯೇ ಹೊರತು ಓದಿಕೊಳ್ಳುವುದಿಲ್ಲ.

ಇಂಥ ಡ್ರೈವಿನಲ್ಲಿ ಇನ್ನೊಂದು ಅನುಕೂಲವುಂಟು: ತಟ್ಟೆಯ ಜೊತೆಗೆ ಲೆನ್ಸೂ ಹೊರಗೆ ಬರುತ್ತದೆ. ಸಾಸಿವೆಗಿಂತ ತುಸು ದೊಡ್ಡದಾದ, ನೀಲಿ ಹೊಳಪಿನ ಆ ಗಾಜಿನ ಬಿಂದುವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒಂದೆರಡು ಸುತ್ತು ಹಗುರವಾಗಿ ಒರೆಸಿ. ಲೆನ್ಸ್ ಸ್ಪ್ರಿಂಗಿನ ಮೇಲೆ ಕೂತಿರುವುದರಿಂದ ಒತ್ತಿದರೆ ಒಳಗೆ ಕುಸಿಯುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ತಟ್ಟೆ ಹೊರಗೆ ಬರುವುದಿಲ್ಲವೆಂದರೆ ಮುಂಭಾಗದಲ್ಲಿ ಸೂಜಿಗಣ್ಣಿನಷ್ಟು ತೂತು ಇರುತ್ತದೆ. ಲ್ಯಾಪ್‌ಟಾಪನ್ನು ಆರಿಸಿ, ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಅದರೊಳಗೆ ತಳ್ಳಿದರೆ ತಟ್ಟೆ ಬಿಟ್ಟುಕೊಳ್ಳುತ್ತದೆ.

ಒರೆಸಿದ ಮೇಲೂ ಸಿಡಿ ಓದುತ್ತದೆ, ಡಿವಿಡಿ ಓದುವುದಿಲ್ಲ, ಅಥವಾ ಇದರ ತಿರುವುಮುರುವು ಆಗಿದೆ ಎಂದಾದರೆ ಲೇಸರ್ ಸೋತಿದೆ ಎಂದರ್ಥ. ಸಿಡಿಗೆ 780 ನ್ಯಾನೊಮೀಟರಿನ, ಡಿವಿಡಿಗೆ 650 ನ್ಯಾನೊಮೀಟರಿನ ಬೇರೆಬೇರೆ ಕಿರಣಗಳಿದ್ದು, ಒಂದು ಸತ್ತರೂ ಇನ್ನೊಂದು ಬದುಕಿರಬಹುದು. ಆ ಹಂತದಲ್ಲಿ ರಿಪೇರಿಗೆ ದುಡ್ಡು ಹಾಕುವುದು ತರವಲ್ಲ. ಯುಎಸ್‌ಬಿಯ ಹೊರಗಿನ ಡಿವಿಡಿ ರೈಟರ್ ಕೊಂಡುಬಿಡಿ. ಅದು ಮುಂದಿನ ಲ್ಯಾಪ್‌ಟಾಪಿಗೂ ಆಗುತ್ತದೆ. ಅದು ತಿರುಗಲು ಆರಂಭಿಸಿ ತಟಕ್ಕನೆ ನಿಲ್ಲುತ್ತಿದ್ದರೆ ಬಹುತೇಕ ಕರೆಂಟ್ ಸಾಲದೆ ಇರುತ್ತದೆ: ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್ ಮಾತ್ರ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ, ಅಥವಾ ಎರಡು ಕಿಂಡಿಗೆ ಸಿಕ್ಕಿಸುವ ಕವಲು ಕೇಬಲ್ ಬಳಸಿ.

ಡಿಸ್ಕಿನ ಮೇಲಿನ ಗೀರುಗಳ ವಿಷಯದಲ್ಲಿ ಬಹುಮಂದಿಯ ಎಣಿಕೆ ತಲೆಕೆಳಗಾಗಿದೆ. ಸಿಡಿಯ ಹೊಳೆಯುವ ಕೆಳಬದಿಯಲ್ಲಿ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ರಕ್ಷಣೆಗಿದೆ. ಅಲ್ಲಿನ ಸಣ್ಣ ಗೀರನ್ನು ಡ್ರೈವ್ ದಾಟಿಕೊಂಡು ಹೋಗುತ್ತದೆ. ಹೆಸರು ಬರೆಯುವ ಮೇಲ್ಬದಿಯಲ್ಲಿ ಮಾಹಿತಿಯ ಪದರವನ್ನು ಕಾಯುವುದು ಅರಗಿನಂಥ ತೆಳುಲೇಪ ಒಂದೇ. ಅಲ್ಲಿ ಗೀರು ಬಿದ್ದರೆ ಮಾಹಿತಿಯೇ ಎದ್ದುಹೋಗುತ್ತದೆ. ದೀಪಕ್ಕೆ ಹಿಡಿದಾಗ ಸೂಜಿಮೊನೆಯ ಬೆಳಕು ಕಂಡರೆ ಅಷ್ಟು ಜಾಗ ಹೋಯಿತು. ಹಾಗಾಗಿ ಅಂಟಿಸಿದ ಸ್ಟಿಕ್ಕರನ್ನು ಕೀಳುವ ಸಾಹಸಕ್ಕೆ ಕೈಹಾಕಬೇಡಿ. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಉಜ್ಜಬೇಡಿ. ನಡುವಿನ ತೂತಿನ ಬಳಿ ಬಿರುಕು ಬಿಟ್ಟ ಸಿಡಿಯನ್ನು ಯಾವ ಡ್ರೈವಿಗೂ ಹಾಕಬಾರದು. ತಟ್ಟೆಯಿಲ್ಲದೆ ಸೀಳಿನೊಳಗೆ ನುಂಗುವ ಮಾದರಿಯ ಡ್ರೈವಾದರೆ ಹ್ಯಾಂಡಿಕ್ಯಾಮಿನ 8 ಸೆಂಟಿಮೀಟರಿನ ಮರಿ ಡಿವಿಡಿಯನ್ನೂ ಹಾಕಬಾರದು, ಅದು ಹೊರಗೆ ಬರುವುದಿಲ್ಲ.

ಒಂದೊಂದು ಬಗೆಯ ಡಿಸ್ಕಿಗೆ ಒಂದೊಂದು ಉಪಾಯ

ಕಡತಗಳಿರುವ ಸಾಮಾನ್ಯ ಸಿಡಿ, ಡಿವಿಡಿಗಳಿಗೆ ಇಮೇಜ್ ತೆಗೆಯುವುದೇ ಒಳ್ಳೆಯ ದಾರಿ. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಸಾಕು. ಹಟ ಹಿಡಿದ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂಗೆ ಸಮನಾದದ್ದನ್ನು ನಾನು ಕಂಡಿಲ್ಲ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಓದಿ, ಸಿಗದ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತು ಹಾಕಿಕೊಂಡು, ನಂತರ ಅಲ್ಲಿಗೆ ಮಾತ್ರ ಮರಳಿ ಹೋಗುತ್ತದೆ. ಇದರ ನಿಜವಾದ ಬಲ ಇರುವುದು ಆ ನಕ್ಷೆಯಲ್ಲಿ: ಹಳೆಯ ಲ್ಯಾಪ್‌ಟಾಪಿನ ಡ್ರೈವ್ ಸೋತು ನಿಂತಾಗ ಡಿಸ್ಕನ್ನು ಹೊಸ ಡ್ರೈವಿಗೆ ಹಾಕಿ, ಅದೇ ನಕ್ಷೆ ಮತ್ತು ಅದೇ ಇಮೇಜನ್ನು ಕೊಟ್ಟು ಮುಂದುವರಿಸಿದರೆ, ಮೊದಲನೆಯದು ಬಿಟ್ಟುಹೋದ ಸೆಕ್ಟರುಗಳನ್ನು ಎರಡನೆಯದು ತುಂಬಿಕೊಡುತ್ತದೆ. ಎರಡು ಡ್ರೈವುಗಳು ಸದಾ ಒಂದೇ ಜಾಗದಲ್ಲಿ ಸೋಲಬೇಕೆಂದಿಲ್ಲ. ಹಳೆಯ ಡ್ರೈವನ್ನು ಅವಸರದಲ್ಲಿ ಬಿಚ್ಚಬೇಡಿ ಎನ್ನುವುದಕ್ಕೆ ನನ್ನ ಬಳಿ ಇರುವ ಅತಿ ದೊಡ್ಡ ಕಾರಣ ಇದು.

ಹಾಡಿನ ಸಿಡಿಯಲ್ಲಿ ಕಡತಗಳೇ ಇರುವುದಿಲ್ಲ. ವಿಂಡೋಸ್ ತೋರಿಸುವ ‘ಟ್ರ್ಯಾಕ್ 01’ ಎಂಬ ಸಿಡಿಎ ಕಡತಗಳು ಹಾಡು ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸದ ಚೀಟಿ ಅಷ್ಟೇ. ಒಂದೊಂದರ ತೂಕ 44 ಬೈಟ್. ಸೋದರತ್ತೆಯವರು ಹಾಡಿದ ಸಂಪ್ರದಾಯದ ಹಾಡುಗಳ ಸಿಡಿಯನ್ನು ಹಲವು ವರ್ಷಗಳ ಹಿಂದೆ ನಾನೇ ಹೀಗೆ ಪೆನ್‌ಡ್ರೈವಿಗೆ ನಕಲು ಮಾಡಿ, ಕ್ಷಣಾರ್ಧದಲ್ಲಿ ಮುಗಿಯಿತೆಂದು ಹಿಗ್ಗಿದ್ದೆ. ಅದನ್ನು ತೆರೆದು ನೋಡುವ ಹೊತ್ತಿಗೆ ಮೂಲ ಸಿಡಿ ಯಾರದೋ ಮನೆ ಸೇರಿತ್ತು. ಈ ಕೆಲಸಕ್ಕೆ ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶದಿಂದ ಹಾಡುಗಳನ್ನು ವೇವ್ ಅಥವಾ ಫ್ಲ್ಯಾಕ್ ಕಡತಗಳನ್ನಾಗಿ ಎತ್ತಿಕೊಳ್ಳಬೇಕು.

ಮದುವೆ, ಉಪನಯನಗಳ ವಿಸಿಡಿಯಲ್ಲಿ ವಿಡಿಯೋ ಇರುವುದು ‘ಎಂಪೆಗ್‌ಎವಿ’ ಎಂಬ ಫೋಲ್ಡರಿನ ಡ್ಯಾಟ್ ಕಡತಗಳಲ್ಲಿ. ಜಾಗ ಉಳಿಸಲೆಂದು ವಿಸಿಡಿಯಲ್ಲಿ ದೋಷ ತಿದ್ದುವ ಒಂದು ಹಂತವನ್ನು ಕೈಬಿಟ್ಟಿರುವುದರಿಂದ ಅದರ ಸೆಕ್ಟರುಗಳ ಅಳತೆ ಬೇರೆ, ಮಾಮೂಲಿ ಐಎಸ್ಒ ಇಮೇಜಿಗೆ ಅದು ಒಗ್ಗುವುದಿಲ್ಲ. ವಿಂಡೋಸ್‌ನಲ್ಲಿ ಡ್ಯಾಟ್ ಕಡತಗಳನ್ನೇ ನೇರವಾಗಿ ನಕಲು ಮಾಡಿ. ನಡುವೆ ನಿಂತರೆ ಅನ್‌ಸ್ಟಾಪೆಬಲ್ ಕಾಪಿಯರ್ ಎಂಬ ತಂತ್ರಾಂಶ ಕೆಟ್ಟ ಜಾಗಗಳನ್ನು ಹಾರಿಸಿಕೊಂಡು ಉಳಿದದ್ದನ್ನು ತರುತ್ತದೆ, ಧಾರೆಯ ಹೊತ್ತಿಗೆ ಎರಡು ಕ್ಷಣ ಚಿತ್ರ ಚೌಕಚೌಕವಾದರೂ ಉಳಿದದ್ದು ಸಿಗುತ್ತದೆ. ಲಿನಕ್ಸ್‌ನವರು ವಿಸಿಡಿಎಕ್ಸ್‌ರಿಪ್ ಬಳಸಬಹುದು. ನೋಡುವುದಕ್ಕೆ ವಿಎಲ್‌ಸಿ ಸಾಕು. ಈಗಿನ ವಿಂಡೋಸ್ ತಾನಾಗಿ ಡಿವಿಡಿಯನ್ನು ಕೂಡ ಆಡಿಸುವುದಿಲ್ಲವಾದ್ದರಿಂದ ಅದಕ್ಕೂ ವಿಎಲ್‌ಸಿಯೇ ಗತಿ. ಹ್ಯಾಂಡಿಕ್ಯಾಮಿನ ಡಿವಿಡಿ ಖಾಲಿ ಎಂದು ತೋರಿಸಿದರೆ ಅದನ್ನು ‘ಫೈನಲೈಸ್’ ಮಾಡದೆ, ಅಂದರೆ ಬರೆದು ಮುಗಿಯಿತೆಂದು ಮುಚ್ಚದೆ, ಬಿಟ್ಟಿರಬಹುದು. ಐಸೊಬಸ್ಟರ್ ಅಂಥ ಡಿಸ್ಕುಗಳನ್ನು ಓದಬಲ್ಲದು.

ಸಿಟಿ, ಎಂಆರ್‌ಐ ಸ್ಕ್ಯಾನಿನ ಸಿಡಿಯಲ್ಲಿ ಡೈಕಾಮ್ ಎಂಬ ಮಾದರಿಯ ನೂರಾರು ಕಡತಗಳೂ ಅವನ್ನೆಲ್ಲ ಹೊಂದಿಸುವ ಡೈಕಾಮ್‌ಡಿರ್ ಎಂಬ ಸೂಚಿಯೂ ಇರುತ್ತವೆ. ಬೇಕಾದ ಚಿತ್ರವನ್ನಷ್ಟೇ ಆರಿಸದೆ ಇಡೀ ಸಿಡಿಯನ್ನು ಇದ್ದಂತೆ ನಕಲು ಮಾಡಿ, ರೋಗಿಯ ಹೆಸರು ಮತ್ತು ತಾರೀಖಿನ ಫೋಲ್ಡರಿನಲ್ಲಿಡಿ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದರೆ ವೈದ್ಯರಿಗೆ ಉಪಯೋಗವಿಲ್ಲ. ಅವರು ಅಳತೆ ಮಾಡುವುದು, ಹೊಳಪು ಬದಲಿಸಿ ನೋಡುವುದು ಮೂಲ ಕಡತದಲ್ಲಿ ಮಾತ್ರ ಸಾಧ್ಯ. ಮೊಕದ್ದಮೆಗೆ ಸಂಬಂಧಿಸಿದ ಸಿಡಿಯಿದ್ದರೆ ನಕಲು ತೆಗೆದ ಮೇಲೂ ಮೂಲವನ್ನು ಬಿಸಾಡಬೇಡಿ, ವಕೀಲರನ್ನು ಕೇಳದೆ ಅದನ್ನು ಮುಟ್ಟಲೂಬೇಡಿ.

ಖಾಲಿಯಾದ ಜಾಗಕ್ಕೆ ಏನು?

ಡಬ್ಬಿಯ ಕೊನೆಯ ಡಿಸ್ಕ್ ಮುಗಿದು, ನಕಲುಗಳು ಎರಡು ಬೇರೆಬೇರೆ ಹಾರ್ಡ್‌ಡಿಸ್ಕುಗಳಲ್ಲಿ ಕೂತ ಮೇಲೆ ಡ್ರೈವನ್ನು ಬಿಚ್ಚಬಹುದು. ಲ್ಯಾಪ್‌ಟಾಪ್ ಇನ್ನೂ ದಿನಬಳಕೆಯಲ್ಲಿದ್ದರೆ ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಎರಡನೆಯ ಹಾರ್ಡ್‌ಡಿಸ್ಕನ್ನು ಹಾಕುವುದು ಒಳ್ಳೆಯ ಉಪಾಯ. ಕ್ಯಾಡಿ ಕೊಳ್ಳುವ ಮೊದಲು ಡ್ರೈವನ್ನು ಹೊರಗೆಳೆದು ದಪ್ಪ ಅಳೆಯಿರಿ; ಹೆಚ್ಚಿನವು 12.7 ಅಥವಾ 9.5 ಮಿಲಿಮೀಟರ್ ಇರುತ್ತವೆ, ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಆಗದು. ಡ್ರೈವನ್ನು ಹಿಡಿದಿರುವುದು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಅಡಿಯ ಒಂದೇ ಸ್ಕ್ರೂ. ಹಿಂಬದಿಯ ಕನೆಕ್ಟರ್ ಸಾಟಾ ಮಾದರಿಯದೇ ಎಂದೂ ನೋಡಿ. ಬಹಳ ಹಳೆಯವುಗಳಲ್ಲಿ 50 ಪಿನ್ನಿನ ಐಡಿಇ ಇರುತ್ತದೆ. ಹೊಸದಾಗಿ ತಂದದ್ದು ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳ ವೇಗದ ಡಿಸ್ಕ್, ಆಗಿದ್ದರೆ ಅದನ್ನು ಹಾರ್ಡ್‌ಡಿಸ್ಕಿನ ಮೂಲ ಜಾಗದಲ್ಲಿ ಹಾಕಿ, ಹಳೆಯ ಹಾರ್ಡ್‌ಡಿಸ್ಕನ್ನು ಕ್ಯಾಡಿಗೆ ಸರಿಸಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವಿನ ಸಾಟಾ ಸಂಪರ್ಕ ನಿಧಾನದ್ದಾಗಿರುತ್ತದೆ. ಡ್ರೈವಿನ ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತು ಕ್ಯಾಡಿಗೆ ಜೋಡಿಸಿದರೆ ಲ್ಯಾಪ್‌ಟಾಪಿನ ಬದಿ ಬೋಳಾಗಿ ಕಾಣುವುದಿಲ್ಲ.

ಬಿಚ್ಚಿದ ಸಾಟಾ ಡ್ರೈವನ್ನು ಎಸೆಯಬೇಡಿ. ತೆಳು ಡ್ರೈವುಗಳಿಗೆಂದೇ ಇರುವ ಯುಎಸ್‌ಬಿ ಕವಚದಲ್ಲಿ ಹಾಕಿದರೆ ಅದು ಹೊರಗಿನ ಡ್ರೈವಾಗುತ್ತದೆ. ಫ್ಲಾಪಿ ಡ್ರೈವಿಗೆ ಈ ಭಾಗ್ಯವಿಲ್ಲ. ಹಿಂಬದಿಯಲ್ಲಿ ಪುಟ್ಟ ಯುಎಸ್‌ಬಿ ಕಿಂಡಿಯಿರುವ ಕೆಲವೇ ಮಾದರಿಗಳನ್ನು ಬಿಟ್ಟರೆ ಉಳಿದವು ತಮ್ಮ ಲ್ಯಾಪ್‌ಟಾಪಿನ ಹೊರಗೆ ಬದುಕುವುದಿಲ್ಲ. ಅವುಗಳ ಜೊತೆಗೆ ಓದಿ ಮುಗಿಸಿದ ಫ್ಲಾಪಿಗಳನ್ನೂ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಬಹುದು. ಖಾಸಗಿ ಕಾಗದಪತ್ರಗಳಿದ್ದ ಫ್ಲಾಪಿಗಳ ತಟ್ಟೆಯನ್ನು ಹೊರತೆಗೆದು ಕತ್ತರಿಯಿಂದ ನಾಲ್ಕು ಚೂರು ಮಾಡಿ, ಸಿಡಿಗಳ ಮೇಲ್ಬದಿಯನ್ನು ಮೊಳೆಯಿಂದ ಅಡ್ಡಾದಿಡ್ಡಿ ಗೀರಿ ಕೊಡಿ.

ಉಳಿಸಿಕೊಂಡ ಡ್ರೈವನ್ನು ಅದರ ಕೇಬಲ್ಲಿನ ಸಮೇತ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ಲಿನ ಒಂದೆರಡು ಪೊಟ್ಟಣವನ್ನೂ ಚೆನ್ನಾಗಿ ಓದುತ್ತದೆಂದು ಗೊತ್ತಿರುವ ಒಂದು ಸಿಡಿ, ಒಂದು ಡಿವಿಡಿಯನ್ನೂ ಜೊತೆಗಿಡಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎರಡನ್ನೂ ಹಾಕಿ ನೋಡಿದರೆ, ನೆಂಟರೊಬ್ಬರು ಇನ್ನೊಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದ ದಿನ ತೊಂದರೆ ಡ್ರೈವಿನದೋ ಡಿಸ್ಕಿನದೋ ಎಂದು ತಡಕಾಡಬೇಕಾಗುವುದಿಲ್ಲ.